ಹೊತ್ತಿಗೆ ಬಂದವರಿಗೆ ಚಹಾ

ಜನವರಿ 6, ಸೋಮವಾರ
ಬಸ್ಸು 10.35ಕ್ಕೆ. ಚಹಾ ಉಂಟು.

ಎಣ್ಣೆ ಮಿಲ್ಲಿನವರು ಹೊಸ ವರ್ಷಕ್ಕೆಂದು ಈ ಡೈರಿ ಕೊಟ್ಟರು. ಪ್ರತಿ ಪುಟದ ಕೆಳಗೂ ಒಂದು ಹಿತವಚನ ಅಚ್ಚು ಹಾಕಿಸಿದ್ದಾರೆ. ಇವತ್ತಿನದು 'ತಾಳ್ಮೆಯೇ ಸಂಪತ್ತು'. ಎಣ್ಣೆಗೆ ಏನೇನೋ ಬೆರೆಸುವವರು ಮಾತನ್ನಾದರೂ ಶುದ್ಧವಾಗಿ ಕೊಡುತ್ತಾರೆ, ಸಂತೋಷ.

ಬರೆಯುವುದಕ್ಕೆ ನನಗೇನು ಇದೆ? ಬಸ್ಸು ಬಂದ ಹೊತ್ತು ಬರೆಯುತ್ತೇನೆ. ಯಜಮಾನರು ಇದ್ದಾಗ ಮೂರು ಬಸ್ಸು ಇದ್ದವು, ಈಗ ಒಂದು. ಅದರ ಹಣೆಯ ಮೇಲೆ 'ಶಾಂತವೀರ' ಎಂದು ಅವರ ಹೆಸರು. ಪರ್ಮಿಟ್ಟು ನನ್ನ ಹೆಸರಿನಲ್ಲಿದೆ, ಓಡಾಟ ಮಗ ಮಲ್ಲಿಕ್‌ನದು. ಬೆಳಿಗ್ಗೆ 8.35ಕ್ಕೆ ರಾಂಪುರ ಬಿಟ್ಟು, ಮೊಳಕಾಲ್ಮೂರು ಹೊಕ್ಕು ಹೊರಟು, 10.35ಕ್ಕೆ ಚಳ್ಳಕೆರೆಗೆ ಬರಬೇಕು. ನಮ್ಮ ಮನೆ ಬಸ್ ನಿಲ್ದಾಣದ ಎದುರಿಗೇ. ಹತ್ತೂವರೆಗೆ ನಾನು ಯಜಮಾನರ ಕೈಗಡಿಯಾರ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂರುತ್ತೇನೆ. ಪಕ್ಕದಲ್ಲಿ ಚಹಾದ ಲೋಟ. ನಮ್ಮ ಮದುವೆಯದು, ಅವರ ಹೆಸರು ಕೊರೆಸಿದ ಸ್ಟೀಲಿನದು. ಡ್ರೈವರ್ ಹೊತ್ತಿಗೆ ಬಂದರೆ ಲೋಟ ಅವನ ಕೈಗೆ. ಒಂದು ನಿಮಿಷ ತಪ್ಪಿದರೂ ಲೋಟ ಒಳಗೆ. ಬೈಯುವುದಿಲ್ಲ, ಸಂಬಳ ಹಿಡಿಯುವುದಿಲ್ಲ. ನನ್ನ ಬಾಯಿ ಕೆಟ್ಟದ್ದು ಎನ್ನುವವರು ಬಂದು ನೋಡಲಿ. ಎದ್ದು ಲೋಟ ಒಳಗೆ ಒಯ್ಯುತ್ತೇನೆ, ಅಷ್ಟೇ. ನಿಲ್ದಾಣದ ಜನವೆಲ್ಲ ನೋಡುತ್ತದೆ.

ಇಪ್ಪತ್ತೆರಡು ವರ್ಷದಿಂದ ಡ್ರೈವರ್ ಪೆದ್ದಣ್ಣನೇ. ಇವತ್ತು ಎರಡೂ ಕೈಯಲ್ಲಿ ಲೋಟ ಹಿಡಿದು ನಿಂತೇ ಕುಡಿದ. ನನ್ನ ಎದುರಿಗೆ ಅವನು ಕೂರುವುದಿಲ್ಲ. ಮರ್ಯಾದೆ ಗೊತ್ತಿರುವ ಮನುಷ್ಯ.

ಜನವರಿ 9, ಗುರುವಾರ
ಬಸ್ಸು 10.41ಕ್ಕೆ. ಚಹಾ ಇಲ್ಲ.

ಆರು ನಿಮಿಷ ತಡ. ಹಿಂದೆಯೇ ಇದೇ ದಾರಿಯ ಇನ್ನೊಂದು ಖಾಸಗಿ ಬಸ್ಸು, ಆ ಹಸಿರು ಬಸ್ಸು, ಮದುವೆಗೆ ಹೊರಟ ಹಾಗೆ ಮೆರೆಯುತ್ತ ಬಂತು. ಹೆಂಗಸರೆಲ್ಲ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗುವ ಕಾಲ. ಉಳಿದಿರುವುದು ಗಂಡಸರು ಮತ್ತು ಈರುಳ್ಳಿ ಚೀಲ. ಅವನ್ನೂ ಹಸಿರು ಬಸ್ಸಿನವನು ಹತ್ತಿಸಿಕೊಂಡರೆ ನಾವು ಬಸ್ಸನ್ನು ಕೋಳಿಗೂಡು ಮಾಡಬೇಕು.

ಪೆದ್ದಣ್ಣ ಕಟ್ಟೆಯ ಕೆಳಗೆ ನಿಂತು ಹೇಳಿದ: "ರಾಂಪುರದಾಗೆ ಚೀಲ ಹೇರೋದು ತಡ ಆತು ಅವ್ವಾರೆ. ತಳಕಿನ ತಾವ ರಸ್ತೆ ಕಿತ್ತಾಕವ್ರೆ, ಅಲ್ಲಿ ಹೊತ್ತು ಹಿಡಿಯಾಕಾಗಲ್ಲ."

"ತಳಕಿನಾಗೆ ಆಗದಿದ್ರೆ ಇನ್ನೆಲ್ಲಾದ್ರೂ ಹಿಡಿಯಪ್ಪ. ದಾರಿ ಅಷ್ಟುದ್ದ ಐತಲ್ಲ."

"ಇನ್ನ ಉಳಿಯೋದು ಮೊಳಕಾಲ್ಮೂರು ಊರೊಳಗೆ. ಅಲ್ಲಿ ಜನ ಅದಾರೆ, ಅವ್ವಾರೆ."

"ಜನಕ್ಕೆ ಕಿವಿ ಇಲ್ವೇನು? ಹಾರನ್ ಕೊಟ್ಟಿರೋದು ಯಾಕೆ?"

ಅವನು ಲೋಟವನ್ನು ನೋಡಿದ. ನಾನು ಎತ್ತಿಕೊಂಡು ಒಳಗೆ ಹೋದೆ. ಸೊಸೆ ಮಂಗಳಗೌರಿ ಶಾಲೆಗೆ ಹೊರಟಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. "ಅತ್ತೆ, ಪಾಪ ಅವರಿಗೆ ಕೊಡಬಹುದಿತ್ತು" ಅಂದಳು. ಮಕ್ಕಳನ್ನು ಮೂವತ್ತೈದಕ್ಕೂ ಪಾಸು ಮಾಡಿಸುವವಳಿಗೆ ಶಿಸ್ತಿನ ಬಗ್ಗೆ ಏನು ಗೊತ್ತು? ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ ಎಂಬತ್ತೆರಡು.

ಜನವರಿ 23, ಗುರುವಾರ
ಬಸ್ಸು 10.35ಕ್ಕೆ. ಚಹಾ ಉಂಟು.

ಭಾನುವಾರ ಬಿಟ್ಟು ಇದು ಹನ್ನೆರಡನೆಯ ದಿನ, ಒಂದು ನಿಮಿಷವೂ ತಪ್ಪಿಲ್ಲ. ತಳಕಿನಲ್ಲಿ ರಸ್ತೆ ಇನ್ನೂ ಕಿತ್ತೇ ಇದೆಯಂತೆ, ರಾಂಪುರದಲ್ಲಿ ಚೀಲವೂ ಹೇರುತ್ತಾರಂತೆ. ಆದರೂ ಬಸ್ಸು ಹೊತ್ತಿಗೆ ಬರುತ್ತದೆ. ಹೇಗೆ ಎಂದು ನಾನು ಕೇಳಲಿಲ್ಲ. ಔಷಧಿ ಹತ್ತಿದ ಮೇಲೆ ಹೊಟ್ಟೆಯೊಳಗೆ ಏನು ಮಾಡಿತು ಎಂದು ಯಾರು ಕೇಳುತ್ತಾರೆ?

ಸಂಜೆ ಮೊಳಕಾಲ್ಮೂರಿನ ಗೋವಿಂದಮ್ಮನಿಗೆ ಫೋನು ಮಾಡಿದೆ. ಮೊಮ್ಮಗಳು ವೀಣಾಳ ಮದುವೆ ಮೇ ತಿಂಗಳಲ್ಲಿ. ಧಾರೆ ಸೀರೆ ಗೋವಿಂದಮ್ಮನ ಮಗ್ಗದಲ್ಲಿದೆ. ಕೆಂಪು ಮೈ, ಹಸಿರು ಅಂಚು, ಸೆರಗಿನಲ್ಲಿ ಗಿಳಿ ಸಾಲು. ಮೂವತ್ತು ವರ್ಷದಿಂದ ನಮ್ಮ ಮನೆಗೆ ಅವಳೇ ನೇಯುವುದು, ಒಂದು ಸಲವೂ ಹೇಳಿದ ದಿನಕ್ಕೆ ಕೊಟ್ಟಿಲ್ಲ.

"ಎಲ್ಲಿಗೆ ಬಂತೇ ಸೀರೆ?"

"ಸೆರಗು ಹಿಡಿದೀನಮ್ಮಾ. ಮೊದಲ್ನೇ ಗಿಳಿ ಕೂತೈತೆ."

"ಒಂದು ಗಿಳೀನಾ? ಈ ಲೆಕ್ಕದಾಗೆ ನನ್ನ ಮೊಮ್ಮಗಳು ಮುದುಕಿ ಆಗಿ ಉಡಬೇಕು."

"ಅಯ್ಯೋ ಅಮ್ಮಾ, ಮಗ್ಗಕ್ಕೆ ಆಕ್ಸಿಲೇಟರ್ ಇಲ್ಲಮ್ಮಾ. ಕಾಲು ಒತ್ತಿದಷ್ಟೇ ಬಟ್ಟೆ. ನಿಮ್ಮ ಬಸ್ಸಿಗೈತಲ್ಲ, ದಿನಾ ನೋಡ್ತೀನಿ, ನಮ್ಮ ಬಾಗಿಲ ಮುಂದೆ ಹೋದ್ರೆ ಮಗ್ಗದ ಗುಂಡಿಯೊಳಗೆ ಇಳಿಬಿಟ್ಟ ನನ್ನ ಕಾಲಿಗೆ ಗೊತ್ತಾಗ್ತೈತೆ. ಎಳೆ ನಡುಗ್ತವೆ."

ಜಂಬದವಳು. ನಮ್ಮ ಬಸ್ಸಿನಿಂದ ಅವಳ ಎಳೆ ನಡುಗುತ್ತವಂತೆ.

ಫೆಬ್ರವರಿ 3, ಸೋಮವಾರ

10.35. ಬಂದಿಲ್ಲ. 10.45. ಬಂದಿಲ್ಲ. ಹಸಿರು ಬಸ್ಸು ಬಂತು. ಚಹಾವನ್ನು ಪಾತ್ರೆಗೆ ಮತ್ತೆ ಸುರಿದೆ. ಇಪ್ಪತ್ತೆರಡು ವರ್ಷದ ಮೇಲೆ ಈ ಮಹಾನುಭಾವನಿಗೆ ಇವತ್ತು ಎಲ್ಲಿ ಜೋಂಪು ಹತ್ತಿತೋ ಎಂದುಕೊಂಡೆ.

11.10ಕ್ಕೆ ಮಲ್ಲಿಕ್ ಹೇಳಿದ. ಮೊಳಕಾಲ್ಮೂರಿನ ದೊಡ್ಡ ಬೀದಿಯಲ್ಲಿ 9.14ಕ್ಕೆ ಬಸ್ಸು ಯಾರೋ ಹೆಂಗಸಿಗೆ ತಗುಲಿದೆ. ಜೀವ ಇದೆಯಂತೆ.

ಚಹಾ ಇಲ್ಲ.

ಫೆಬ್ರವರಿ 4, ಮಂಗಳವಾರ

ಗೋವಿಂದಮ್ಮ.

ಫೆಬ್ರವರಿ 7, ಶುಕ್ರವಾರ

ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಾಳೆ. ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ, ಸೊಂಟಕ್ಕೂ ಪೆಟ್ಟು. ಎದುರಿನ ಅಂಗಡಿಯಿಂದ ಎಲೆ ಅಡಿಕೆ ತರಲು ರಸ್ತೆ ದಾಟುತ್ತಿದ್ದಳಂತೆ. ಹಾರನ್ ಕೇಳಿಸಿತಂತೆ. ಕೇಳಿಸಿದ ಮೇಲೆ ಹಿಂದಕ್ಕೆ ಬರಲೋ ಮುಂದಕ್ಕೆ ಹೋಗಲೋ ಎಂದು ಯೋಚಿಸುವಷ್ಟರಲ್ಲಿ ಬಸ್ಸು ಬಂದುಬಿಟ್ಟಿತಂತೆ.

ಇವತ್ತು ಬಸ್ಸಿಗೆ ಪೂಜೆ. ಆ ಜಾಗದಲ್ಲಿ ಇದು ಮೂರನೆಯ ಅಪಘಾತವಂತೆ, ಅಲ್ಲೇನೋ ಗಾಳಿ ಇದೆಯಂತೆ. ಹೀಗೆಂದು ಮಲ್ಲಿಕ್‌ಗೆ ಹತ್ತು ಜನ ಫೋನು ಮಾಡಿ ಹೇಳಿದ್ದಾರೆ. ಬೀದಿಯಲ್ಲಿ ಗಾಳಿ ಇರುವುದು ನಿಜವೇ, ಬಸ್ಸು ಹೋದಾಗ ಏಳುತ್ತದೆ. ಬೂದುಗುಂಬಳ ಒಡೆದೆವು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಬಸ್ಸು ಮುಂದಕ್ಕೆ ಬಿಟ್ಟರು. ನಿಂಬೆಹಣ್ಣುಗಳು ಕೂಡ ಹಾರನ್ ಕೇಳಿಯೂ ಜರುಗಲಿಲ್ಲ.

ಪೂಜೆ ನಾನೇ ಮಾಡಿಸಿದ್ದು, ಅಡ್ಡಮಾತು ಆಡಬಾರದು. ಆದರೆ ಪೂಜಾರಿ ಮಂಗಳಾರತಿ ಮುಗಿಸಿ ಕೇಳಿದ್ದು ಹೀಗೆ: "ಬ್ರೇಕು ಗೀಕು ಸರಿ ಅದಾವಾ, ಅವ್ವಾರೆ?" ಪೂಜೆಯ ಮೇಲೆ ಅವನಿಗೇ ಅಷ್ಟು ನಂಬಿಕೆ.

ಪೆದ್ದಣ್ಣನಿಗೆ ಜಾಮೀನು ಸಿಕ್ಕಿದೆ. ಲೈಸೆನ್ಸು ಪೊಲೀಸರ ಹತ್ತಿರ. ಮಧ್ಯಾಹ್ನ ಬಂದು ಕಟ್ಟೆಯ ಕೆಳಗೆ ನಿಂತ. ಗಡ್ಡ ಬಂದಿದೆ.

"ತಪ್ಪು ನಂದೇ ಅವ್ವಾರೆ. ರಾಂಪುರ ಬಿಟ್ಟಾಗ್ಲೇ ಆರು ನಿಮಿಷ ಹೋಗಿತ್ತು. ಊರೊಳಗೆ ಹಿಡಿಯಾಕೆ ಹೋದೆ."

"ಯಾರು ಹಿಡಿ ಅಂದ್ರು?" ಅಂದೆ.

ಅವನು ಕಟ್ಟೆಯ ಮೇಲೆ, ನಾನು ಲೋಟ ಇಡುವ ಜಾಗವನ್ನು ನೋಡಿದ. ಅಲ್ಲಿ ಲೋಟ ಇರಲಿಲ್ಲ. ಆಮೇಲೆ ಹೋದ.

ತಪ್ಪು ಅವನದೇ. ಅವನೇ ಒಪ್ಪಿಕೊಂಡಿದ್ದಾನೆ. ಜೋರಾಗಿ ಓಡಿಸು ಎಂದು ನಾನು ಯಾವತ್ತೂ ಅಂದವಳಲ್ಲ, ಹೊತ್ತಿಗೆ ಬಾ ಅಂದಿದ್ದೆ. ಎರಡೂ ಬೇರೆ ಬೇರೆ ಮಾತು.

ಫೆಬ್ರವರಿ 8, ಶನಿವಾರ
ಬಸ್ಸು 10.34ಕ್ಕೆ. ಹೊಸ ಡ್ರೈವರ್ ನಾಗರಾಜ. ಚಹಾ ಉಂಟು.

ಮಲ್ಲಿಕ್ ಒಂದು ಕಾಗದ ಟೈಪು ಮಾಡಿಸಿ ತಂದಿದ್ದಾನೆ. 'ನಿಧಾನವಾಗಿ ಓಡಿಸುವಂತೆ ಮಾಲೀಕರು ಚಾಲಕನಿಗೆ ಪದೇ ಪದೇ ಎಚ್ಚರಿಕೆ ಕೊಟ್ಟಿದ್ದರೂ ಆತನು ತನ್ನ ಇಚ್ಛೆಯಿಂದ ಅತಿವೇಗವಾಗಿ ಚಲಾಯಿಸಿ' ಎಂದು ಶುರುವಾಗುತ್ತದೆ. ನಾನು ಸಹಿ ಹಾಕಬೇಕು. ಪರ್ಮಿಟ್ಟು ನನ್ನದಲ್ಲವೇ?

"ಬಸ್ಸಿನ ಜಿಪಿಎಸ್ಸಿನಾಗೆ ಐವತ್ತೆಂಟು ತೋರಿಸ್ತೈತವ್ವ. ಊರೊಳಗೆ ಐವತ್ತೆಂಟು! ಪೊಲೀಸ್ರು ಅದನ್ನ ತಗೊಂಡೇ ತಗೋತಾರೆ. ನಾವು ಎಚ್ಚರಿಸಿದ್ವಿ ಅಂತ ಇರಬೇಕು. ಇಲ್ದಿದ್ರೆ ನಮ್ಮ ಕುತ್ತಿಗೆಗೆ ಬರ್ತೈತೆ."

"ಪೆದ್ದಣ್ಣಗೆ ಏನಾಗ್ತೈತೆ?"

"ಅವನೇ ಒಪ್ಕೊಂಡುಬಿಟ್ಟವ್ನಲ್ಲ."

ಮಗನಿಗೆ ಬುದ್ಧಿ ಇದೆ. ಎಲ್ಲಿಂದ ಬಂತೋ ಗೊತ್ತಿಲ್ಲ, ಅವರಪ್ಪನಿಗೆ ಇಷ್ಟು ಇರಲಿಲ್ಲ. ಇವತ್ತು ಶನಿವಾರ, ಶನಿವಾರ ಸಹಿ ಹಾಕುವುದಿಲ್ಲ ಅಂದೆ. ನಮ್ಮ ಮನೆಯಲ್ಲಿ ಇಂಥ ಪದ್ಧತಿ ಇದೆಯೆಂದು ನನಗೂ ಇವತ್ತೇ ಗೊತ್ತಾದದ್ದು. ಕಾಗದವನ್ನು ಈ ಡೈರಿಯೊಳಗೆ ಇಟ್ಟಿದ್ದೇನೆ. ಪುಟ ಗುರುತಿಗೆ ಆಗುತ್ತದೆ.

ಫೆಬ್ರವರಿ 12, ಬುಧವಾರ
ಬಸ್ಸು 10.35ಕ್ಕೆ. ಚಹಾ ಉಂಟು.

ಮೊಳಕಾಲ್ಮೂರಿನಿಂದ ಸಬ್ ಇನ್ಸ್‌ಪೆಕ್ಟರ್ ಬಂದಿದ್ದಳು. ಶಿಲ್ಪಾ ಅಂತ. ವೀಣಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಸೊಂಟದಲ್ಲಿ ಪಿಸ್ತೂಲು. ಕೂತುಕೊಳ್ಳಿ ಅಂದರೆ ಕೂತೇಬಿಟ್ಟಳು.

"ಅಮ್ಮಾ, ಡ್ರೈವರ್‌ಗೆ ಯಾವ ಸ್ಪೀಡಲ್ಲಿ ಹೋಗ್ಬೇಕು ಅಂತ ಹೇಳಿದ್ರಿ?"

"ಸ್ಪೀಡು ಅವನಿಗೆ ಬಿಟ್ಟಿದ್ದು. ನಾನು ಹೊತ್ತು ಮಾತ್ರ ಹೇಳ್ತೀನಿ."

"ತಡ ಆದ್ರೆ?"

"ತಡ ಆದ್ರೆ ತಡ ಆಯ್ತು ಅಂತ ಬರ್ಕೋತೀನಿ."

ಅವಳು ನಗಲಿಲ್ಲ. "ಊರೊಳಗೆ ಮೂವತ್ತರಲ್ಲಿ ಬಂದಿದ್ರೆ ಬ್ರೇಕ್ ಹಾಕಿದಾಗ ಬಸ್ಸು ನಿಲ್ತಿತ್ತು. ನಿಲ್ಲದೆ ತಗುಲಿದ್ರೂ ಗೋವಿಂದಮ್ಮ ಎದ್ದು, ನಿಮ್ಮ ಡ್ರೈವರ್‌ಗೆ ನಾಲ್ಕು ಬೈದು ಮನೆಗೆ ಹೋಗ್ತಿದ್ರು. ಹತ್ತತ್ರ ಅರವತ್ತರಲ್ಲಿ ಬಂದ. ಬ್ರೇಕು ಹಾಕಿದ್ಮೇಲೆ ನಾಲ್ಕು ಪಟ್ಟು ದೂರ ಬಸ್ಸು ಹೋಗ್ತದೆ."

"ಮೂವತ್ತರ ಎರಡರಷ್ಟು ಅರವತ್ತು. ಎರಡು ಪಟ್ಟು ಅನ್ನಮ್ಮ" ಎಂದು ತಿದ್ದಿದೆ.

"ಇಲ್ಲಮ್ಮಾ, ನಾಲ್ಕು."

ಖಾಕಿ ಹಾಕಿಕೊಂಡರೆ ಮಗ್ಗಿಯೂ ಬದಲಾಗುತ್ತದೆ ಎಂದು ತಿಳಿದಿರಲಿಲ್ಲ. ಅವಳು ಹೋದ ಮೇಲೆ ಮಲ್ಲಿಕ್ ಕಾಗದ ಕೇಳಿದ. ಇವತ್ತು ಹುಣ್ಣಿಮೆ ಅಂದೆ.

ಫೆಬ್ರವರಿ 13, ಗುರುವಾರ
ಬಸ್ಸು 10.35ಕ್ಕೆ. ಚಹಾ ಉಂಟು.

ನಿನ್ನೆಯ ನಾಲ್ಕು ಪಟ್ಟು ತಲೆಯಿಂದ ಹೋಗಲಿಲ್ಲ. ಸಂಜೆ ಮಂಗಳಗೌರಿಯನ್ನು ಕರೆದು, ಆ ಪೊಲೀಸಿನವಳು ಹೀಗೆ ತಪ್ಪು ಹೇಳಿದಳು, ನೀನು ಶಾಲೆಯಲ್ಲಿ ಏನು ಹೇಳಿಕೊಡುತ್ತೀ ನೋಡೋಣ ಅಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳನ್ನು ನಾನು ಏನನ್ನೂ ಕೇಳಿದ್ದಿಲ್ಲವಂತೆ; ಅವಳ ಮುಖವೇ ಹಾಗೆ ಹೇಳಿತು. ಪರ್ಸಿನಿಂದ ಸೀಮೆಸುಣ್ಣ ತೆಗೆದು ನಡುಮನೆಯ ಕೆಂಪು ನೆಲದ ಮೇಲೆ ಕೂತಳು. ಗೋಡೆಯ ಹತ್ತಿರದಿಂದ ಒಂದು ಮೊಳ ಗೆರೆ ಎಳೆದಳು. "ಇದು ಮೂವತ್ತರಲ್ಲಿ ಬರೋ ಬಸ್ಸು, ಅತ್ತೆ. ಬ್ರೇಕ್ ಒತ್ತಿದ ಮೇಲೆ ಇಷ್ಟು ಹೋಗಿ ನಿಲ್ತದೆ." ಅದರ ಪಕ್ಕದಲ್ಲಿ ಇನ್ನೊಂದು. ಒಂದು ಮೊಳ, ಎರಡು, ಮೂರು, ನಾಲ್ಕು. ಗೆರೆ ನಡುಮನೆ ದಾಟಿ ನನ್ನ ಕುರ್ಚಿಯ ಕಾಲಿನವರೆಗೆ ಬಂತು. "ಇದು ಅರವತ್ತರದು. ವೇಗ ಎರಡರಷ್ಟು ಆದ್ರೆ ಓಟದ ಶಕ್ತಿ ನಾಲ್ಕರಷ್ಟು ಆಗ್ತದೆ. ಅವರು ಹೇಳಿದ್ದು ಸರಿ."

"ನಮ್ಮ ಕಾಲದಾಗೆ ಹೀಗಿರಲಿಲ್ಲ" ಅಂದೆ.

"ಆಗ್ಲೂ ಹೀಗೇ ಇತ್ತು, ಅತ್ತೆ. ಬಸ್ಸು ನಿಧಾನಕ್ಕೆ ಹೋಗ್ತಿದ್ವು."

ಸೀಮೆಸುಣ್ಣ ಒರೆಸುತ್ತೇನೆ ಅಂದಳು. ಇರಲಿ, ನಾಳೆ ಒರೆಸು ಅಂದೆ. ಚೆನ್ನಾಗಿ ಹೇಳುತ್ತಾಳೆ, ಅಕ್ಷರ ಮಾತ್ರ ಕೋಳಿ ಕಾಲು.

ಫೆಬ್ರವರಿ 17, ಸೋಮವಾರ
ಬಸ್ಸು 10.38ಕ್ಕೆ. ಚಹಾ ಇಲ್ಲ, ಕೊಡುವವಳೇ ಬಸ್ಸಿನೊಳಗಿದ್ದೆ.

ನಾಗರಾಜನ ಬಸ್ಸು ಬೆಳಿಗ್ಗೆ ರಾಂಪುರಕ್ಕೆ ಹೋಗುವಾಗಲೇ ಹತ್ತಿದೆ. ಡ್ರೈವರಿನ ಹಿಂದಿನ ಸೀಟು. ಕಂಡಕ್ಟರ್ ಟಿಕೆಟ್ ಬೇಡ ಅಂದ, ದುಡ್ಡು ಕೊಟ್ಟೆ. ಪುಕ್ಕಟೆ ಹೋಗುವ ಹೆಂಗಸರ ಪಟ್ಟಿಗೆ ನನ್ನನ್ನು ಸೇರಿಸುವುದು ಬೇಡ.

ವಾಪಸು ಬರುವಾಗ ಕೈಗಡಿಯಾರ ಹಿಡಿದೆ. ಮೊಳಕಾಲ್ಮೂರಿನಲ್ಲಿ ಊರು ಹೊಕ್ಕು, ನಿಲ್ದಾಣ ಮುಟ್ಟಿ, ಊರು ಬಿಡುವವರೆಗೆ ಒಟ್ಟು ಎರಡು ಕಿಲೋಮೀಟರು. ಊರ ಬಾಗಿಲಿನಲ್ಲೇ ನಾಗರಾಜನಿಗೆ ಹೇಳಿದೆ: "ಮುಳ್ಳು ಮೂವತ್ತು ದಾಟಿದ್ರೆ ಇಲ್ಲೇ ಇಳಿಸಿ ನಾನೇ ಓಡಿಸ್ತೀನಿ."

ಹಿಂದಿನ ಸೀಟಿನವನೊಬ್ಬ ಕೂಗಿದ: "ಯಾಕ್ಲೇ ನಾಗ, ಡೀಸೆಲ್ ಬದ್ಲು ಹುಲ್ಲು ಹಾಕಿದೀಯೇನ್ಲೇ?" ಇನ್ನೊಬ್ಬ, "ಇಳಿದು ತಳ್ಳಾನ ಬರ್ರಿ" ಅಂದ. ಹಸಿರು ಬಸ್ಸು ಹಾರನ್ ಹೊಡೆಯುತ್ತ ನಮ್ಮನ್ನು ದಾಟಿತು. ನಮ್ಮ ಬಸ್ಸಿಗೆ ಇಂಥ ಅವಮಾನ ಆದಾಗ ನಾನೇ ಒಳಗೆ ಕೂತಿದ್ದೆ. ಯಜಮಾನರ ಪುಣ್ಯ, ಅವರು ನೋಡಲಿಲ್ಲ.

ನಿಲ್ಲುವ ಹೊತ್ತು ಬಿಟ್ಟು, ಓಡಿದ್ದು ಸರಿಯಾಗಿ ನಾಲ್ಕು ನಿಮಿಷ. ಅರವತ್ತರಲ್ಲಾಗಿದ್ದರೆ ಎರಡು ನಿಮಿಷ. ಎಂಬತ್ತೆರಡು ತೆಗೆದವಳ ಲೆಕ್ಕ, ತಪ್ಪುವುದಿಲ್ಲ. ಊರೊಳಗೆ ಜೀವ ಕೈಯಲ್ಲಿ ಹಿಡಿದು ಹಾರಿಸಿದರೆ ಉಳಿಯುವುದು ಎರಡು ನಿಮಿಷ.

ನಿಧಾನಕ್ಕೆ ಹೋದರೆ ಬೀದಿ ಕಾಣುತ್ತದೆ. ಎಷ್ಟು ಸಲ ಈ ಬೀದಿಯಲ್ಲಿ ಹೋಗಿದ್ದೇನೆ, ಗೋವಿಂದಮ್ಮನ ಬಾಗಿಲು ರಸ್ತೆಗೆ ಇಷ್ಟು ಹತ್ತಿರ ಎಂದು ಗೊತ್ತಿರಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಮಗ್ಗ, ಅದರ ಮೇಲೆ ಕೆಂಪು. ಕೂತವರು ಯಾರೂ ಇರಲಿಲ್ಲ.

ಮೂರು ನಿಮಿಷ ತಡವಾಗಿ ಚಳ್ಳಕೆರೆ ಮುಟ್ಟಿದೆವು. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. 10.38ಕ್ಕೆ ಬಂದ ಬಸ್ಸು 11.20ಕ್ಕೆ ಹೊರಟಿತು. ನಲವತ್ತೆರಡು ನಿಮಿಷ ನಿಲ್ದಾಣದಲ್ಲಿ ಸುಮ್ಮನೆ ನಿಂತಿತ್ತು. ಚಕ್ರದ ಪಕ್ಕದಲ್ಲಿ ಒಂದು ನಾಯಿ ಮಲಗಿ ಎದ್ದು ಹೋಯಿತು. ಇಷ್ಟು ವರ್ಷ ದಿನಾ ಎದುರಿಗೇ ನಿಂತಿದೆ. ಅದು ಬಂದ ಹೊತ್ತು ಬರೆದಿದ್ದೇನೆ, ನಿಂತ ಹೊತ್ತು ಒಂದು ದಿನವೂ ಬರೆದಿಲ್ಲ.

ಫೆಬ್ರವರಿ 22, ಶನಿವಾರ
ಬಸ್ಸು ನೋಡಲಿಲ್ಲ.

ಗೋವಿಂದಮ್ಮ ಮನೆಗೆ ಬಂದಿದ್ದಾಳೆಂದು ಕೇಳಿ ಹೋಗಿದ್ದೆ. ಕಾರಿನಲ್ಲಿ ಮಲ್ಲಿಕ್ ಕಳಿಸಿದ. ಹಣ್ಣು ತೆಗೆದುಕೊಂಡು ಹೋದೆ. ಸೇಬು. ಮುರಿದ ಕಾಲಿಗೆ ಸೇಬು ಒಯ್ಯುವುದು ಯಾರು ಶುರು ಮಾಡಿದ ಪದ್ಧತಿಯೋ.

"ರಾಂಡಿ ಅಮ್ಮಾ, ಕೂಚೋಂಡಿ" ಎಂದು ಕರೆದು ಕೂರಿಸಿದಳು. ನೋವು ಹೆಚ್ಚಿದ್ದಾಗ ಅವಳಿಗೆ ತೆಲುಗೇ ಬರುತ್ತದೆ. ಮಂಚವನ್ನು ಮಗ್ಗದ ಪಕ್ಕಕ್ಕೆ ಹಾಕಿಸಿಕೊಂಡಿದ್ದಾಳೆ. ಕಾಲಿನೊಳಗೆ ಕಬ್ಬಿಣದ ಸರಳು. ಡಾಕ್ಟರು ನಡೆಯುತ್ತೀ ಅಂದಿದ್ದಾರಂತೆ, ನೇಯುತ್ತೀ ಅಂದಿಲ್ಲವಂತೆ.

"ಗುಂಡಿಗೆ ಇಳಿಯಾಕಾಗಲ್ಲಮ್ಮಾ. ಇಳಿದ್ರೂ ಈ ಕಾಲು ಹಲಗೆ ಒತ್ತಲ್ಲ. ಒಂದೇ ಕಾಲಿನಾಗೆ ನೇದ್ರೆ ಅದು ಸೀರೆ ಅಲ್ಲ, ಗೋಣಿಚೀಲ."

ಮಗ್ಗದ ಮೇಲೆ ಸೆರಗು ಹಾಗೇ ಇದೆ. ಮೂರು ಗಿಳಿ ಪೂರ್ತಿ, ನಾಲ್ಕನೆಯದಕ್ಕೆ ಬಾಲ ಮತ್ತು ಹೊಟ್ಟೆ. ತಲೆ ಇಲ್ಲ.

"ಬೇರೆ ಯಾರಾದ್ರೂ ಮುಗಿಸಿಕೊಡಲಿ, ನಿನಗೆ ಕೂಲಿ ಕೊಡ್ತೀನಿ" ಅಂದೆ.

"ಒಬ್ಬರ ಕೈ ಕಾಲು ಕೂತ ಬಟ್ಟೆಗೆ ಇನ್ನೊಬ್ಬರು ಕೂತ್ರೆ ಗೊತ್ತಾಗಿಬಿಡ್ತೈತಮ್ಮಾ. ಆ ಗಿಳಿ ಮೂತಿ ಬೇರೆ ಆಗ್ತೈತೆ."

ಆಮೇಲೆ ನನ್ನ ಲೆಕ್ಕ ಹೇಳಿದೆ. ಬಸ್ಸು ಹತ್ತಿ ಗಡಿಯಾರ ಹಿಡಿದು ನೋಡಿದೆ ಕಣೇ, ಈ ಬೀದಿಯಲ್ಲಿ ಅಷ್ಟು ಜೋರಾಗಿ ಬಂದರೆ ಉಳಿಯುವುದು ಬರೀ ಎರಡು ನಿಮಿಷ, ಅಂದೆ. ದೊಡ್ಡ ಸಂಶೋಧನೆ ಮಾಡಿದವಳ ಹಾಗೆ.

ಅವಳು ನನ್ನ ಮುಂದೆ ಕೈ ಚಾಚಿದಳು.

"ಹಂಗಾದ್ರೆ ಆ ಎರಡು ನಿಮಿಷ ನನಗೆ ಕೊಟ್ಟುಬಿಡ್ರಮ್ಮಾ. ನಿಮ್ಮ ಹತ್ರಾನೇ ಇರಬೇಕಲ್ಲ."

ಸೇಬಿನ ಚೀಲವನ್ನು ಆ ಕೈಯ ಪಕ್ಕದಲ್ಲಿಟ್ಟು ಎದ್ದು ಬಂದೆ.

ಬರುವಾಗ ಕಾರಿನ ಡ್ರೈವರ್ ಊರೊಳಗೆ ಸ್ವಲ್ಪ ಜೋರು ಮಾಡಿದ. ಕಾರು ನಿಲ್ಲಿಸು ಅಂದೆ. ಯಾಕಮ್ಮಾ ವಾಂತಿ ಬರ್ತೈತಾ ಅಂದ. ಹೌದು ಅಂದೆ.

ಫೆಬ್ರವರಿ 25, ಮಂಗಳವಾರ
ಬಸ್ಸು 10.34ಕ್ಕೆ. ಚಹಾ ಮಾಡಿರಲಿಲ್ಲ.

ಮಲ್ಲಿಕ್ ಗಲಾಟೆ ಮಾಡಿದ. ಶನಿವಾರ, ಹುಣ್ಣಿಮೆ, ಕನ್ನಡಕ ಸಿಗಲಿಲ್ಲ, ಪೆನ್ನು ಬರೆಯಲಿಲ್ಲ. ಎರಡೂವರೆ ವಾರ ಆಯಿತು, ಇನ್ನೇನು ನೆಪ ಅವ್ವ ಎಂದು ಕೇಳಿದ. ನಾಡಿದ್ದು ಗುರುವಾರ ಹೇಳಿಕೆ ಕೊಡಲು ಕಡೆಯ ದಿನವಂತೆ.

"ಕಾಗದದಾಗೆ ಸುಳ್ಳು ಐತಲ್ಲೋ."

"ಯಾವುದು ಸುಳ್ಳು? ನೀನು ಜೋರಾಗಿ ಓಡ್ಸು ಅಂದಿದ್ಯಾ?"

"ಇಲ್ಲ."

"ಮತ್ತೆ?"

"ನಿಧಾನಕ್ಕೆ ಓಡ್ಸು ಅಂತಾನೂ ಅಂದಿಲ್ಲ. ಪದೇ ಪದೇ ಅಂತ ಬರ್ಸಿದೀಯಾ. ಒಂದು ಸಲ ಅಂದಿದ್ರೆ ಪದೇ ಪದೇ ಅನ್ನಬಹುದಿತ್ತು."

ಅವನು ಊಟ ಬಿಟ್ಟು ಎದ್ದು ಹೋದ. ಊಟ ಬಿಟ್ಟವರು ಯಾರೂ ಈ ಮನೆಯಲ್ಲಿ ಮಧ್ಯಾಹ್ನದವರೆಗೆ ತಾಳಿದ್ದಿಲ್ಲ.

ನಡುಮನೆಯ ಗೆರೆ ಇನ್ನೂ ಇದೆ. ಮಂಗಳಗೌರಿ ಅದನ್ನು ಬಳಸಿಕೊಂಡು ಗುಡಿಸುತ್ತಾಳೆ. ನಾನು ಹೇಳಿಲ್ಲ.

ಫೆಬ್ರವರಿ 27, ಗುರುವಾರ

ಅಮಾವಾಸ್ಯೆ. ಇರಲಿ.

ಮೊಳಕಾಲ್ಮೂರು ಠಾಣೆಗೆ ಮಂಗಳಗೌರಿ ಜೊತೆಗೆ ಬಂದಳು. ಶಾಲೆಗೆ ರಜೆ ಹಾಕಿದಳಂತೆ. ಮಲ್ಲಿಕ್‌ನ ಕಾಗದ ಒಯ್ಯಲಿಲ್ಲ. ಡೈರಿಯನ್ನೂ ಒಯ್ಯಲಿಲ್ಲ, ಅದರಲ್ಲಿ ಸೊಸೆಯ ವಿಷಯ ಬೇಕಾದಷ್ಟಿದೆ. ನಿನ್ನೆ ಶಿವರಾತ್ರಿ ಉಪವಾಸದಲ್ಲಿ ಕೂತು, ಜನವರಿ ಆರರಿಂದ ಫೆಬ್ರವರಿ ಮೂರರವರೆಗೆ ಬಸ್ಸು ಬಂದ ಹೊತ್ತು, ಚಹಾ ಉಂಟು, ಚಹಾ ಇಲ್ಲ, ಇಷ್ಟನ್ನೇ ಬಿಳಿ ಹಾಳೆಯ ಮೇಲೆ ದುಂಡಾಗಿ ಬರೆದಿದ್ದೆ.

ಶಿಲ್ಪಾ ಎರಡು ಸಲ ಓದಿದಳು. "ಇದೇನಮ್ಮಾ, ಚಹಾ ಉಂಟು, ಚಹಾ ಇಲ್ಲ?"

ಹೇಳಿದೆ. ಲೋಟ, ಕಟ್ಟೆ, ನಿಲ್ದಾಣದ ಜನ. ಜನಕ್ಕೆ ಕಿವಿ ಇಲ್ವೇನು ಅಂದದ್ದು. ಹೇಳುತ್ತ ಹೋದಂತೆ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಒಂದು ಲೋಟ ಚಹಾಕ್ಕೆ ಯಾರಾದರೂ ಹೀಗೆ ಓಡಿಸುತ್ತಾರೆಯೇ ಎಂದು ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಪೆದ್ದಣ್ಣ ಇದನ್ನ ಹೇಳೇ ಇಲ್ಲ" ಅಂದಳು.

"ಅವನು ಹೇಳಲ್ಲ. ಮರ್ಯಾದೆ ಗೊತ್ತಿರೋ ಮನುಷ್ಯ."

"ಇದರಿಂದ ಅವನ ಮೇಲಿನ ಕೇಸು ಹೋಗಲ್ಲಮ್ಮಾ. ಸ್ಟೇರಿಂಗ್ ಹಿಡಿದಿದ್ದು ಅವನೇ. ನಿಮ್ಮ ಹೆಸರೂ ಸೇರ್ತದೆ, ಅಷ್ಟೇ."

"ಸೇರಲಿ. ಬಸ್ಸಿನ ಮೇಲೆ ಹೆಂಗಿದ್ರೂ ನಮ್ಮ ಹೆಸರೇ ಐತೆ."

ಸಹಿ ಹಾಕಿದೆ. ಪೆನ್ನು ಚೆನ್ನಾಗಿ ಬರೆಯಿತು.

ಮಾರ್ಚ್ 11, ಮಂಗಳವಾರ
ಬಸ್ಸು 10.33ಕ್ಕೆ. ಚಹಾ ಇಲ್ಲ.

ಮಲ್ಲಿಕ್ ಎರಡು ವಾರ ಮಾತು ಬಿಟ್ಟಿದ್ದ. ಇವತ್ತು ಉಪ್ಪು ಕೊಡು ಅಂದ. ರಾಜಿ ಎಂದು ತಿಳಿದುಕೊಂಡಿದ್ದೇನೆ.

ನಾಗರಾಜನಿಗೆ ಹೋದ ವಾರವೇ ಹೇಳಿದ್ದೆ. ಊರೊಳಗೆ ಮೂವತ್ತು, ಹತ್ತು ಮುಕ್ಕಾಲರ ತನಕ ಯಾವಾಗ ಬಂದರೂ ಸರಿ. ನಿಲ್ದಾಣದಲ್ಲಿ ಮಲಗುವ ಬಸ್ಸು ಹತ್ತು ನಿಮಿಷ ಕಡಿಮೆ ಮಲಗಲಿ. ಹುಡುಗನಿಗೆ ನಾನು ಪರೀಕ್ಷೆ ಮಾಡುತ್ತಿದ್ದೇನೆ ಅನ್ನಿಸಿರಬೇಕು. ಇವತ್ತು ಎರಡು ನಿಮಿಷ ಮೊದಲೇ ಬಂದು, ಹಲ್ಲು ಕಿರಿದು, ಕಟ್ಟೆಯ ಹತ್ತಿರ ಕೈ ಒರೆಸಿಕೊಂಡು ನಿಂತ.

"ಅವ್ವಾರೆ, ಹಸಿರು ಬಸ್ಸು ಇನ್ನಾ ಹಿರೇಹಳ್ಳಿ ದಾಟಿಲ್ಲ!"

ಲೋಟ ಎತ್ತಿಕೊಂಡು ಒಳಗೆ ಹೋದೆ. ನಿಲ್ದಾಣದ ಜನವೆಲ್ಲ ನೋಡಿತು. ಮುದುಕಿಗೆ ಅರಳು ಮರಳು ಎಂದು ಯಾರೋ ಅಂದದ್ದೂ ಕೇಳಿಸಿತು. ನನಗೆ ಕಿವಿ ಇದೆ.

ಏಪ್ರಿಲ್ 9, ಬುಧವಾರ

ವೀಣಾಳ ಧಾರೆಗೆ ಅಂಗಡಿಯಿಂದ ಸೀರೆ ತಂದರು. ಚೆನ್ನಾಗಿದೆ, ಎಲ್ಲ ಗಿಳಿಗೂ ತಲೆ ಇದೆ. ಗೋವಿಂದಮ್ಮ ಕೋಲು ಹಿಡಿದು ಬಾಗಿಲವರೆಗೆ ಬರುತ್ತಾಳಂತೆ. ಮಗ್ಗದ ಮೇಲಿನ ಬಟ್ಟೆ ಕತ್ತರಿಸಬೇಡ, ಹಾಗೇ ಇರಲಿ, ಮಗ್ಗದ ಬಾಡಿಗೆ ಎಂದು ತಿಂಗಳು ತಿಂಗಳು ಕಳಿಸುತ್ತೇನೆ ಅಂದಿದ್ದೇನೆ. "ಎಷ್ಟು ದಿನಾಂತ ಕಳಿಸ್ತೀರಮ್ಮಾ?" ಅಂದಳು. "ನೀನು ಯಾವತ್ತು ಹೇಳಿದ ದಿನಕ್ಕೆ ಕೊಟ್ಟಿದ್ದೀ?" ಅಂದೆ. ಫೋನಿನಲ್ಲಿ ನಕ್ಕಳು. ಸ್ವಲ್ಪ.

ಬೆಳಿಗ್ಗೆ ನಾಗರಾಜನ ಬಸ್ಸು ಬಂತು. ಎಲ್ಲರೂ ಇಳಿದ ಮೇಲೆ ಕಡೆಯಲ್ಲಿ ಪೆದ್ದಣ್ಣ ಇಳಿದ. ಕೋರ್ಟಿಗೆ ಬಂದಿದ್ದ. ಕಟ್ಟೆಯ ಕೆಳಗೆ ನಿಂತು ಕೈ ಮುಗಿದ. ಕೂದಲು ಬೆಳ್ಳಗಾಗಿದೆ.

ನಾಗರಾಜನಿಗೆ ಸ್ಟೀಲಿನ ಇನ್ನೊಂದು ಲೋಟದಲ್ಲಿ ಕೊಟ್ಟೆ. ಯಜಮಾನರ ಹೆಸರಿನದನ್ನು ಪೆದ್ದಣ್ಣನ ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ. ನಿಲ್ದಾಣದ ಗೋಡೆ ಗಡಿಯಾರವನ್ನು ನೋಡಿದ.

"ಒಂಬತ್ತು ನಿಮಿಷ ತಡ ಆಗೈತಲ್ರಿ, ಅವ್ವಾರೆ."

"ಆ ಗಡಿಯಾರ ಕೆಟ್ಟೈತೆ. ಕೂತ್ಕೊಂಡು ಕುಡಿ."

ಅವನು ಕಟ್ಟೆಯ ತುದಿಯಲ್ಲಿ ಕೂತ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ, ಬಹಳ ನಿಧಾನವಾಗಿ ಕುಡಿದ. ನಾನು ಕೈಗಡಿಯಾರ ನೋಡಿಕೊಂಡೆ. ಎರಡು ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿದ್ದವು.

ಬಸ್ಸು 10.44ಕ್ಕೆ. ಚಹಾ ಉಂಟು.